ತಾವರೆ ಎಂದುಕೊಂಡದ್ದು

ಅಣವೀರ ಎರಡೂ ಹೆಬ್ಬೆರಳುಗಳನ್ನು ಹಣೆಯ ಪಕ್ಕಕ್ಕೆ ಒತ್ತಿ ಕೋಡು ಮಾಡಿದ. ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ಉಸಿರಿಗೆ "ಎಮ್ಮಿ" ಎಂದು ಕೂಗಿದರು. ಅವನು ನಗುತ್ತ ತನ್ನ ಜಾಗಕ್ಕೆ ಹೋಗಿ ಕೂರುತ್ತಿದ್ದಾಗ ಅಂಬಿಕಾ ಬಾಗಿಲಲ್ಲಿ ಬಂದು ನಿಂತಳು. ಶನಿವಾರದ ಮುಂಜಾನೆಯ ಶಾಲೆ. ಶುರುವಾಗಿ ಅರ್ಧ ತಾಸಿನ ಮೇಲಾಗಿತ್ತು. ಅವಳ ಹೆಗಲ ಮೇಲೆ ಪಾಟಿಚೀಲ ಇರಲಿಲ್ಲ. ಲಂಗ ಮೊಣಕಾಲಿನ ಮೇಲಿನವರೆಗೆ ತೊಯ್ದು ಕಾಲಿಗೆ ಅಂಟಿಕೊಂಡಿತ್ತು. ಶ್ರಾವಣದ ಮಳೆ ಹಿಡಿದು ಎಂಟು ದಿನವಾಗಿತ್ತು, ಭಂಕೂರ ಕಡೆಯಿಂದ ಬರುವ ಮಕ್ಕಳು ತೊಯ್ದೇ ಬರುತ್ತಿದ್ದರು. ವೃಂದಾ ಟೀಚರ್ ತಡವಾದುದಕ್ಕೆ ಏನೂ ಅನ್ನಲಿಲ್ಲ. ಹುಡುಗಿ ನೇರವಾಗಿ ಬಂದು ಅಣವೀರ ಬಿಟ್ಟುಹೋದ ಜಾಗದಲ್ಲೇ ಎಲ್ಲರೆದುರು ನಿಂತದ್ದು ಕಂಡು ಟೀಚರಿಗೆ ಖುಷಿಯೇ ಆಯಿತು. ಅಂಬಿಕಾ ಯಾರೂ ಕರೆಯದೆ ತಾನಾಗಿ ಮುಂದೆ ಬಂದದ್ದು ಅದೇ ಮೊದಲು.

ಅಂಬಿಕಾಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ, ಮಾತು ಬಂದಿರಲಿಲ್ಲ. ಅವಳಪ್ಪ ದೇವೀಂದ್ರಪ್ಪ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಿಡಿಯುವ ಕೆಲಸದವನು. ತಾಯಿ ಇರಲಿಲ್ಲ, ಆಯಿ ಭೀಮಬಾಯಿಯೇ, ಅಂದರೆ ಅಪ್ಪನ ತಾಯಿಯೇ, ಸಾಕಿದವಳು. ಶಹಾಬಾದಿಗೂ ಭಂಕೂರಿಗೂ ನಡುವೆ, ಕಲ್ಲಿನ ಖಣಿಗಳ ಮಗ್ಗುಲಲ್ಲಿದ್ದ ಈ ನಾಲ್ಕು ಕೋಣೆಯ ಶಾಲೆಗೆ ದಿನಾ ಮೊಮ್ಮಗಳನ್ನು ಕೈಹಿಡಿದು ಕರೆತಂದು, ಗೇಟಿನೊಳಗೆ ಬಿಟ್ಟು ಹೋಗುತ್ತಿದ್ದಳು.

ಆ ವರ್ಷ, ಅಂದರೆ ಎರಡು ಸಾವಿರದ ಮೂರರ ಜೂನಿನಲ್ಲಿ, ಕಿವಿ ಕೇಳದ ಮಕ್ಕಳಿರುವ ಶಾಲೆಗಳಿಂದ ಒಬ್ಬೊಬ್ಬ ಶಿಕ್ಷಕರನ್ನು ಗುಲ್ಬರ್ಗಾಕ್ಕೆ ಐದು ದಿನದ ತರಬೇತಿಗೆ ಕರೆದಿದ್ದರು. ವೃಂದಾ ಹೋಗಿದ್ದಳು. ಮೊದಲ ಎರಡು ದಿನ ಪಾಠ ಮಾಡಿದ ವಯಸ್ಸಾದ ತಜ್ಞರು, ಇಂಥ ಮಕ್ಕಳಿಗೆ ಕೈ ಆಡಿಸಲು ಬಿಡಲೇಬಾರದು, ತುಟಿ ನೋಡಿ ತಿಳಿಯುವುದನ್ನೇ ಕಲಿಸಬೇಕು, ಇಲ್ಲದಿದ್ದರೆ ನಾಲಿಗೆ ಎಂದೂ ತಿರುಗುವುದಿಲ್ಲ ಎಂದರು. ಉಳಿದ ಮೂರು ದಿನ ಬಂದವಳು ಒಬ್ಬ ಹುಡುಗಿ. ಅವಳಿಗೇ ಕಿವಿ ಕೇಳುತ್ತಿರಲಿಲ್ಲ. ಜೊತೆಗಿದ್ದವರೊಬ್ಬರು ಅವಳ ಕೈಸನ್ನೆಯನ್ನು ಮಾತಾಗಿಸಿ ಹೇಳುತ್ತಿದ್ದರು: ಮಗುವಿನ ಕೈ ಕಟ್ಟಬೇಡಿ, ಇಡೀ ತರಗತಿಗೇ ಕೈಭಾಷೆ ಕಲಿಸಿ, ಪಾಠದ ಹಾಗಲ್ಲ, ಆಟದ ಹಾಗೆ. ವೃಂದಾ ಎದ್ದು ನಿಂತು, ಇಬ್ಬರಲ್ಲಿ ಯಾರ ಮಾತು ಹಿಡಿಯಬೇಕು ಎಂದು ಕೇಳಿದಳು. ತರಬೇತಿ ನಡೆಸುತ್ತಿದ್ದ ಸಾಹೇಬರು, "ಎರಡೂ ಬರಕೋರಿ ಮೇಡಂ, ಪರೀಕ್ಷಾ ಏನಿಲ್ಲ" ಎಂದರು. ಎಲ್ಲರೂ ನಕ್ಕರು. ಅವಳೂ ಬರೆದುಕೊಂಡಳು. ಮರಳಿ ಬರುವಾಗ ಕೈಯಲ್ಲಿ ಅರವತ್ತು ಸನ್ನೆಗಳ ಒಂದು ಚಾರ್ಟು, ಎಂಟು ಆಟಗಳ ಜೆರಾಕ್ಸ್ ಹಾಳೆ ಇತ್ತು.

ಆಟಗಳನ್ನು ಮಕ್ಕಳು ಬೆಲ್ಲದಂತೆ ಹಚ್ಚಿಕೊಂಡರು. ಬಾಯಿ ತೆರೆದವರು ಔಟಾಗುವ ಮೌನದ ಆಟದಲ್ಲಿ ಅಂಬಿಕಾಳೇ ಗೆಲ್ಲುತ್ತಿದ್ದಳು. ಸಾಲಾಗಿ ಕೂತು ಒಂದು ಸನ್ನೆಯನ್ನು ಬೆನ್ನಿಂದ ಬೆನ್ನಿಗೆ ದಾಟಿಸುವ ಆಟದಲ್ಲಿ ಮೊದಲ ಹುಡುಗ ಮಾಡಿದ ರೊಟ್ಟಿ ಕೊನೆಯವನ ಕೈಗೆ ಬರುವಾಗ ಆಮೆಯಾಗಿರುತ್ತಿತ್ತು. ಎಲ್ಲರಿಗೂ ಹೆಚ್ಚು ಸೇರಿದ್ದು ಶನಿವಾರದ 'ಹೇಳು ನೋಡೋಣ' ಆಟ: ಒಬ್ಬರು ಮುಂದೆ ಬಂದು ಸನ್ನೆ ಮಾಡಬೇಕು, ಉಳಿದವರು ಕಂಡುಹಿಡಿಯಬೇಕು, ಒಬ್ಬರಿಗೆ ಒಂದೇ ಸಲ. ಸರಿಯಾಗಿ ಹೇಳಿದರೆ ಚಪ್ಪಾಳೆ ಇಲ್ಲ. ಚಪ್ಪಾಳೆ ಅಂಬಿಕಾಗೆ ಕೇಳುವುದಿಲ್ಲವಲ್ಲ. ಎಲ್ಲರೂ ಎರಡೂ ಕೈ ಮೇಲೆತ್ತಿ ಗಾಳಿಗೆ ಎಲೆ ಅಲುಗಿದಂತೆ ಅಲುಗಿಸಬೇಕು.

ತೊಡಕು ಇದ್ದದ್ದು ಒಂದೇ. ಅಂಬಿಕಾ ಖಾಲಿ ಕೈಯಲ್ಲಿ ಬಂದಿರಲಿಲ್ಲ. ಮನೆಯಿಂದ ತನ್ನವೇ ಸನ್ನೆಗಳನ್ನು ತಂದಿದ್ದಳು. ಬೆರಳ ತುದಿಗಳನ್ನು ಕೂಡಿಸಿ ಮೂಗಿನ ಎಡ ಹೊಳ್ಳೆಗೆ ಮುಟ್ಟಿಸಿದರೆ ಆಯಿ, ಯಾಕೆಂದರೆ ಭೀಮಬಾಯಿಯ ನತ್ತು ಅಲ್ಲಿತ್ತು. ಚಾರ್ಟಿನಲ್ಲಿ ಅದು ಹೂವು. ಅಜ್ಜಿ ಎಂದರೆ ಕೋಲೂರಿ ಬೆನ್ನು ಬಾಗಿಸಬೇಕು. ವೃಂದಾ ಅವಳ ಕೈಹಿಡಿದು ಚಾರ್ಟಿನ ಅಜ್ಜಿಯನ್ನು ಹತ್ತಾರು ಸಲ ಮಾಡಿಸಿದ್ದಳು. ಹುಡುಗಿ ಟೀಚರ ಮುಂದೆ ಕೋಲೂರುತ್ತಿದ್ದಳು, ಪಕ್ಕದಲ್ಲಿ ಕೂರುವ ಮೆಹತಾಬ್‌ಳ ಜೊತೆ ಮೂಗನ್ನೇ ಮುಟ್ಟುತ್ತಿದ್ದಳು. ಮೆಹತಾಬ್ ಅವಳ ಸನ್ನೆಗಳನ್ನೆಲ್ಲ ಕಲಿತುಬಿಟ್ಟಿದ್ದಳು. ಯಾವುದು ಸರಿ ಎಂದು ವೃಂದಾಗೆ ಒಳಗೊಳಗೇ ಗೊಂದಲ. ಚಾರ್ಟು ಸರಕಾರದ್ದು, ಆಯಿ ಅಂಬಿಕಾಳವಳು.

ದೇವೀಂದ್ರಪ್ಪ ಜುಲೈನಲ್ಲಿ ಒಮ್ಮೆ ಬಂದು ಬಾಗಿಲ ಹೊರಗೇ ನಿಂತು ಹೇಳಿದ್ದ: "ಹೈದರಾಬಾದಿನ ಡಾಕ್ಟ್ರು ಕೈಸನ್ನಿ ಬಿಡಸ್ರಿ ಅಂದ್ರು. ನಾವು ಮನ್ಯಾಗ ಕೈಮ್ಯಾಲ ಹೊಡದು ಬಿಡಸಾಕತ್ತಿದ್ವಿ. ಈಗ ನೀವು ಮಾಡು ಅಂತೀರಿ. ಯಾರದು ಕೇಳಬೇಕ್ರಿ ನಾವು?"

"ನೋಡೂಣ್ರಿ" ಎಂದಿದ್ದಳು ವೃಂದಾ.

ಈಗ ಅಂಬಿಕಾ ಎಲ್ಲರೆದುರು ನಿಂತು ಬೆರಳು ಕೂಡಿಸಿ ಮೂಗಿಗೆ ಮುಟ್ಟಿಸಿದಳು. ಆಮೇಲೆ ಒಂದು ಅಂಗೈ ಮೇಲಿಂದ ಇನ್ನೊಂದನ್ನು ಜಾರಿಸಿ ಕೆಳಗೆ ಬಿಟ್ಟಳು. ಆಮೇಲೆ ಹೊಟ್ಟೆಯ ಮಟ್ಟದಲ್ಲಿ ಬೆರಳುಗಳನ್ನು ಅಲೆಯಾಡಿಸಿದಳು.

"ಮೀನ" ಎಂದಿತು ಒಂದು ದನಿ. "ಕಪ್ಪಿ ಜಿಗದದ" ಎಂದಿತು ಇನ್ನೊಂದು. ಅಂಬಿಕಾ ತಲೆಯಾಡಿಸಿ ಮತ್ತೆ ಮೊದಲಿಂದ ಮಾಡಿದಳು, ಇನ್ನೂ ಜೋರಾಗಿ, ಕಾಲು ನೆಲಕ್ಕೆ ಬಡಿದು. "ಜಳಕ", "ಮಳಿ", "ಬಕಿಟು ಬಿತ್ತು". ಮಕ್ಕಳು ಮೊಣಕಾಲ ಮೇಲೆ ಎದ್ದು ನಿಂತಿದ್ದರು. ಹುಡುಗಿಯ ಎದೆ ಏರಿಳಿಯುತ್ತಿತ್ತು. ಇಷ್ಟು ಹುರುಪಿನಿಂದ ಅವಳು ಆಡಿದ್ದನ್ನು ವೃಂದಾ ಕಂಡಿರಲಿಲ್ಲ. ಟೀಚರ್ ಸನ್ನೆಗಳನ್ನು ಮನಸ್ಸಿನಲ್ಲೇ ಜೋಡಿಸಿದಳು: ಹೂವು, ಕೆಳಗೆ, ನೀರು. ಹುಡುಗಿ ಚಾರ್ಟಿನ ಹೂವನ್ನು ಕಡೆಗೂ ಕಲಿತಳಲ್ಲ ಎಂದು ಒಂದು ಹಿಗ್ಗು.

"ನೀರಿನ್ಯಾಗಿನ ಹೂವು. ಯಾವುದು ಹೇಳ್ರಿ?"

"ತಾವರಿ" ಎಂದು ಕೂಗಿತು ತರಗತಿ.

"ಶಾಬಾಸ್" ಎಂದು ವೃಂದಾ ತನ್ನ ಎರಡೂ ಕೈ ಮೇಲೆತ್ತಿದಳು. ಮೂವತ್ತು ಜೊತೆ ಕೈಗಳು ಮೇಲೆದ್ದು ಅಲುಗಿದವು. ಅಂಬಿಕಾ ಆ ಅಲುಗುವ ಕೈಗಳ ನಡುವೆ ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಬಂದು ಟೀಚರ ಸೆರಗು ಹಿಡಿದು ಬಾಗಿಲ ಕಡೆ ಎಳೆದಳು. ಇನ್ನೊಂದು ಸಲ ಆಡಬೇಕೆನ್ನುತ್ತಾಳೆ ಎಂದುಕೊಂಡಳು ವೃಂದಾ. ನಗುತ್ತಲೇ ಒಂದು ಬೆರಳು ತೋರಿಸಿ, ಒಬ್ಬರಿಗೆ ಒಂದೇ ಸಲ ಎಂದು ನೆನಪಿಸಿ, ಭುಜ ಹಿಡಿದು ಕೂರಿಸಿದಳು. ಮುಂದಿನ ಹುಡುಗಿ ಎದ್ದು ಬಂದು ಮಂಗ ಮಾಡಿದಳು. ಅವಳ ನಂತರ ಬಂದ ಹುಡುಗ ಬಸ್ಸು ಓಡಿಸಿದ.

ಬಸ್ಸಿಗೆ ಕೈಗಳು ಏಳುತ್ತಿದ್ದಾಗ ಮೆಹತಾಬ್ ಎದ್ದು ನಿಂತಳು. ಅವಳು ಅಷ್ಟು ಹೊತ್ತೂ ಅಂಬಿಕಾಳ ತೊಯ್ದ ಲಂಗವನ್ನೇ ನೋಡುತ್ತ ತೊಡೆಯ ಮೇಲೆ ಸಣ್ಣಗೆ ಕೈಯಾಡಿಸಿ ಏನೋ ಕೇಳುತ್ತಿದ್ದಳು.

"ಟೀಚರ್, ಇಕಿ ಆಟ ಆಡ್ಲಿಕತ್ತಿಲ್ರಿ" ಎಂದಳು. "ಇಕಿ ಆಯಿ ಖಣಿ ನೀರಾಗ ಬಿದ್ದಾಳಂತ್ರಿ."

ಆಮೇಲಿನದೆಲ್ಲ ವೃಂದಾಗೆ ತುಂಡುತುಂಡಾಗಿ ಮಾತ್ರ ನೆನಪಿದೆ. ಹೆಡ್‌ಮಾಸ್ತರ್ ಮಡಿವಾಳಯ್ಯನವರನ್ನು ಕೂಗಿದ್ದು, ಕೆಸರಿನಲ್ಲಿ ಚಪ್ಪಲಿ ಉಳಿದುಹೋದದ್ದು, ಕಲ್ಲು ಕಡಿಯುವ ಶೆಡ್ಡಿನಿಂದ ನಾಲ್ಕು ಮಂದಿ ಹಗ್ಗ ಹಿಡಿದು ಓಡಿಬಂದದ್ದು. ಹಳೆಯ ಖಣಿಯಲ್ಲಿ ಮಳೆ ನೀರು ಮಣ್ಣುಬಣ್ಣಕ್ಕೆ ತುಂಬಿನಿಂತಿತ್ತು. ಭೀಮಬಾಯಿ ಎದೆಮಟ್ಟದ ನೀರಿನಲ್ಲಿ, ಪದರುಗಲ್ಲಿನ ಒಂದು ಅಂಚನ್ನು ಎರಡೂ ಕೈಯಿಂದ ಅವುಚಿಕೊಂಡಿದ್ದಳು. ಕೂಗು ನಿಂತುಹೋಗಿತ್ತು. ಇಬ್ಬರು ಇಳಿದು, ಕಂಬಳಿಯಲ್ಲಿ ಜೋಲಿ ಕಟ್ಟಿ ಎತ್ತಿದರು. ಬಲ ತೊಡೆಯ ಎಲುಬು ಮುರಿದಿತ್ತು. ಟ್ರ್ಯಾಕ್ಟರಿನ ಮೇಲೆ ಹುಲ್ಲು ಹಾಸಿ ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದರು.

ಜೀವಕ್ಕೆ ಅಪಾಯವಿಲ್ಲ ಎಂದು ಸಂಜೆ ತಿಳಿಯಿತು. ವೃಂದಾಗೆ ಮಾತ್ರ ಲೆಕ್ಕ ಹತ್ತಲಿಲ್ಲ. ಅಂಬಿಕಾ ಬಂದು ನಿಂತದ್ದಕ್ಕೂ ಮೆಹತಾಬ್ ಎದ್ದದ್ದಕ್ಕೂ ನಡುವೆ ಎಷ್ಟು ಹೊತ್ತು? ಐದು ನಿಮಿಷವೋ, ಹದಿನೈದೋ? ತಾವರೆ, ಮಂಗ, ಬಸ್ಸು. ಆ ಅಂಚು ಇನ್ನೊಂದು ಬೆರಳಷ್ಟು ಸಣ್ಣದಿದ್ದಿದ್ದರೆ?

ಸೋಮವಾರ ಮಡಿವಾಳಯ್ಯನವರು ಅವಳನ್ನು ಕರೆದು, ತಾವು ಬರೆದ ವರದಿಯನ್ನು ಓದಿ ಹೇಳಿದರು. 'ಕೈಭಾಷೆಯ ಆಟದಿಂದ ಉಳಿದ ಜೀವ' ಎಂದು ತಲೆಬರಹ. ಚಿತ್ತಾಪುರದ ಶಿಕ್ಷಣ ಇಲಾಖೆಯ ಆಫೀಸಿಗೆ ಒಂದು ಪ್ರತಿ, ಪತ್ರಿಕೆಯವರಿಗೆ ಒಂದು.

"ಸರ್, ಹಂಗ ಆಗಿಲ್ರಿ" ಎಂದಳು ವೃಂದಾ.

"ಹಂಗ ಅಂದ್ರ? ಹುಡುಗಿ ಕೈಸನ್ನಿಲಿಂದ ಹೇಳಿದ್ಲೋ ಇಲ್ಲೋ?"

"ಹೇಳಿದ್ಲ್ರಿ."

"ಇನ್ನೊಂದು ಹುಡುಗಿ ಅದನ್ನ ತಿಳಕೊಂಡ್ಲೋ ಇಲ್ಲೋ? ಮುದುಕಿ ಉಳದಳೋ ಇಲ್ಲೋ?"

"ಉಳದಾಳ್ರಿ. ಖರೆ ನಾನು..."

"ಮತ್ತೇನು ತಕರಾರು? ಸಾಲಿಗಿ ಒಂದು ಒಳ್ಳೇ ಹೆಸರು ಬರ್ಲಿಕತ್ತದ, ಬರ್ಲಿ ಬಿಡ್ರಿ."

ಒಂದೊಂದು ಮಾತೂ ನಿಜವಾಗಿತ್ತು. ಎಲ್ಲ ನಿಜವೂ ಸೇರಿ ಹೇಗೆ ಸುಳ್ಳಾಯಿತು ಎಂದು ಅವಳಿಗೆ ಬಿಡಿಸಿ ಹೇಳಲು ಆಗಲಿಲ್ಲ.

ಪತ್ರಿಕೆಯವನು ಕ್ಯಾಮರಾ ಹಿಡಿದು ಬಂದ. ಅಂಬಿಕಾಳನ್ನು ಮುಂದೆ ನಿಲ್ಲಿಸಿ ಒಂದು ಸನ್ನೆ ಮಾಡು ಎಂದರು. ಅವಳು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಳು. ವೃಂದಾ ಕೈ ಮಾಡಿದಳು, ಮಡಿವಾಳಯ್ಯನವರು ಪೇಪರಮೆಂಟು ಕೊಟ್ಟರು. ಕೈ ಹೊರಗೆ ಬರಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಅವನು ಮೆಹತಾಬ್‌ಳಿಂದ ಒಂದು ಸನ್ನೆ ಮಾಡಿಸಿ ಫೋಟೊ ಹೊಡೆದುಕೊಂಡು ಹೋದ. ಗುರುವಾರದ ಪತ್ರಿಕೆಯಲ್ಲಿ ಮೆಹತಾಬ್‌ಳ ಚಿತ್ರ, ಕೆಳಗೆ 'ಅಜ್ಜಿಯನ್ನು ಉಳಿಸಿದ ಕಿವುಡ ಬಾಲೆ'. ಮಧ್ಯಾಹ್ನ ಅವಳಪ್ಪ ಶೌಕತ ಅಲಿ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಹಿಡಿದು ಶಾಲೆಗೆ ಬಂದ.

"ನಮ್ಮ ಬೇಟಿಗಿ ಕಿವಿ ಭಾಳ ಛಲೋ ಕೇಳ್ತಾವ್ರಿ ಟೀಚರ್" ಎಂದ ಮೆತ್ತಗೆ. "ನಾಳಿಗಿ ಯಾರರೆ ಕೇಳಿದ್ರ ಏನ್ ಹೇಳ್ಲಿ?"

ಇತ್ತ ಮನೆಯಲ್ಲಿ ವೃಂದಾಳ ಅತ್ತೆ ಲಕ್ಷ್ಮೀಬಾಯಿ, ಸೊಸೆಯ ಹೆಸರಿದ್ದ ಆ ತುಂಡನ್ನು ಕತ್ತರಿಸಿ ದೇವರ ಮಾಡದಲ್ಲಿ, ಪಂಚಾಂಗದ ಕೆಳಗೆ ಇಟ್ಟಿದ್ದರು. ದೀಪ ಹಚ್ಚಲು ಹೋದಾಗಲೆಲ್ಲ ಅದು ಕಾಣುತ್ತಿತ್ತು.

ಎರಡು ಶನಿವಾರ ಕಳೆದವು. ಆಟದ ಹೊತ್ತಿಗೆ ಅಂಬಿಕಾ ಹಿಂದಿನ ಗೋಡೆಗೆ ಒರಗಿ, ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂರುತ್ತಿದ್ದಳು. ಕೋಡು, ಬಾಲ, ರೆಕ್ಕೆ ಮಾಡುವವರನ್ನು ನೋಡುತ್ತಿದ್ದಳು. ಯಾರಾದರೂ ಗೆದ್ದು ಎಲ್ಲರ ಕೈ ಮೇಲೆದ್ದು ಅಲುಗಿದರೆ ತಲೆ ಬಗ್ಗಿಸುತ್ತಿದ್ದಳು. ಮೆಹತಾಬ್‌ಳ ಜೊತೆಗೂ ಸನ್ನೆ ಕಡಿಮೆಯಾಗಿತ್ತು. ಮೂರನೇ ಶನಿವಾರ ಆಟ ಮುಗಿಸದೆಯೇ ಮಕ್ಕಳಿಗೆ ಮಗ್ಗಿ ಬರೆಯಲು ಹಚ್ಚಿ, ಶಾಲೆ ಬಿಟ್ಟ ಮೇಲೆ ವೃಂದಾ ಅಂಬಿಕಾಳ ಹಿಂದೆಯೇ ಭಂಕೂರಿಗೆ ಹೊರಟಳು.

ಭೀಮಬಾಯಿ ಪಡಸಾಲೆಯಲ್ಲಿ ಹೊರಸಿನ ಮೇಲೆ ಕಾಲು ಚಾಚಿ ಮಲಗಿದ್ದಳು. ತೊಡೆಗೆ ಪಟ್ಟು ಕಟ್ಟಿತ್ತು. "ಬರ್ರಿ ಟೀಚರ್, ಕುಂದ್ರಿ" ಎಂದು ಎದ್ದು ಕೂರಲು ನೋಡಿದಳು. ದೇವೀಂದ್ರಪ್ಪ ಒಳಗಿಂದ ಚಾಪೆ ತಂದು ಹಾಸಿದ. ಹೊಸ ಮರ್ಯಾದೆಯಿತ್ತು ಅವನ ಮಾತಿನಲ್ಲಿ: "ಡಾಕ್ಟ್ರ ಮಾತು ಕೇಳಿ ಪೂರಾ ಬಿಡಿಸಿದ್ರ ಅವತ್ತು ನಮ್ಮವ್ವ ಹೋಗತಿದ್ಲ್ರಿ. ನಿಮ್ಮ ಉಪಕಾರ ಭಾಳ ಆತು."

ವೃಂದಾ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಚದುರಿತು. ಕಡೆಗೆ ಇದ್ದದ್ದನ್ನೇ ಅಂದಳು: "ನಾ ಏನೂ ಉಪಕಾರ ಮಾಡಿಲ್ರಿ. ಅವತ್ತ ಈಕಿ ಬಂದಾಕಿನೇ ನನ್ನ ಮುಂದ ನಿಂತು ಹೇಳಿದ್ಲು. ನನಗ ತಿಳೀಲಿಲ್ಲ. ಆಟ ಆಡ್ಲಿಕತ್ತಾಳಂತ ತಿಳಕೊಂಡೆ. ಸೆರಗ ಹಿಡದು ಜಗ್ಗಿದ್ರೂ ಕೂಡಿಸಿಬಿಟ್ಟೆ. ಇನ್ನಿಬ್ಬರು ಹುಡುಗರು ಆಡಿ ಮುಗಿಸೋತನ ನೀವು ನೀರಾಗೇ ಇದ್ರಿ."

ಹಿತ್ತಲಲ್ಲಿ ಕೋಳಿಯೊಂದು ಕೆದರುತ್ತಿತ್ತು.

"ಏನಂತ ತಿಳಕೊಂಡ್ರಿ?" ಎಂದಳು ಭೀಮಬಾಯಿ.

"ತಾವರಿ ಹೂವು ಅಂತ."

ಮುದುಕಿ ಒಂದು ಕ್ಷಣ ಅವಳನ್ನೇ ನೋಡಿದಳು. ಆಮೇಲೆ ನಗತೊಡಗಿದಳು. "ತಾವರಿ ಹೂವೇನ್ರಿ ನಾ" ಎಂದು ನಕ್ಕು, ತೊಡೆ ಹಿಡಿದುಕೊಂಡು ನರಳಿ, ಮತ್ತೆ ನಕ್ಕಳು. ಕಣ್ಣಲ್ಲಿ ನೀರು ಬಂತು. ಅದನ್ನು ಸೆರಗಿನಿಂದ ಒರೆಸಿಕೊಂಡು, "ನಂದೂ ಹಂಗ ಆತ್ರಿ" ಎಂದಳು. "ಇಕಿ ಕಾಲಿನ ರಾಡಿ ತೊಳದು ಸಾಲಿಗಿ ಕಳಸೂಣಂತ ಬಗ್ಗೀನಿ, ಜಾರೀನಿ. ಇಕಿ ದಂಡಿಗಿ ನಿಂತಾಳ. ಹೋಗು, ಯಾರಿಗರೆ ಹೇಳು ಅಂತ ಕೈ ಮಾಡ್ದೆ. ಬಾ ಅಂತ ತಿಳಕೊಂಡು ಇಳೀಲಿಕತ್ಲು. ತೊಡಿಮಟ ನೀರಿಗಿ ಬಂದ್ಲು. ನಾ ಹೋಗು ಅಂತ ಜೋರ್ ಕೈ ಬೀಸಿದಂಗ ಇಕಿ ಇನ್ನೂ ಮುಂದ. ಕಡೀಗಿ ಕಲ್ಲು ತಗೊಂಡು ಹೊಡದೀನ್ರಿ ಮಮ್ಮಗಳಿಗಿ. ಅವಾಗ ಓಡಿದ್ಲು."

ದೇವೀಂದ್ರಪ್ಪ ನಗಲಿಲ್ಲ. ಅವನು ವೃಂದಾಳ ಮುಖವನ್ನಾಗಲಿ ತಾಯಿಯ ಮುಖವನ್ನಾಗಲಿ ನೋಡದೆ, ಚಪ್ಪಲಿ ಮೆಟ್ಟಿ ಹೊರಗೆ ಹೋದ. ಅವನಿಗೆ ಸಿಟ್ಟೋ ಸಂಕಟವೋ ವೃಂದಾಗೆ ತಿಳಿಯಲಿಲ್ಲ.

ಅಂಬಿಕಾ ಕಂಬಕ್ಕೆ ಆತು ನಿಂತಿದ್ದಳು. ಆಯಿ ಯಾಕೆ ನಕ್ಕಳು, ಟೀಚರ ಕಣ್ಣು ಯಾಕೆ ಕೆಂಪಾಗಿದೆ, ಅಪ್ಪ ಯಾಕೆ ಎದ್ದುಹೋದ, ಒಂದೂ ಅವಳಿಗೆ ಗೊತ್ತಿರಲಿಲ್ಲ. ಒಬ್ಬರಾದ ಮೇಲೆ ಒಬ್ಬರನ್ನು ನೋಡಿ, ಏನು ಎಂಬಂತೆ ಕೈ ತಿರುಗಿಸಿದಳು. ಭೀಮಬಾಯಿ "ಏನಿಲ್ಲ" ಎಂದು ತಲೆಯಾಡಿಸಿದಳು. ವೃಂದಾಗೆ ಅದು ಚುಚ್ಚಿತು. ಇಷ್ಟೂ ಮಾತು ಈ ಹುಡುಗಿಯದೇ. ಅವಳೊಬ್ಬಳಿಗೇ ಯಾರೂ ಹೇಳಿಲ್ಲ. ಅವಳು ಅಂಬಿಕಾಳ ಕಡೆ ತಿರುಗಿ ಕೈ ಎತ್ತಿದಳು. ಚಾರ್ಟಿನಲ್ಲಿ ಮಾವು ಇತ್ತು, ಬಾಳೆ ಇತ್ತು, ಕೆಂಪು, ಹಳದಿ, ಕುದುರೆ, ರೈಲು ಇದ್ದವು. ನನಗೆ ತಿಳಿಯಲಿಲ್ಲ ಎನ್ನುವುದಕ್ಕೆ ಸನ್ನೆ ಇರಲಿಲ್ಲ. ತಪ್ಪಾಯಿತು ಎನ್ನುವುದಕ್ಕೂ ಇರಲಿಲ್ಲ. ತನ್ನ ಎದೆ ಮುಟ್ಟಿದಳು, ಹಣೆ ಮುಟ್ಟಿದಳು, ಕೈ ಅಡ್ಡಡ್ಡ ಆಡಿಸಿದಳು, ಕಿವಿ ಹಿಡಿದುಕೊಂಡಳು. ಅಂಬಿಕಾ ಹುಬ್ಬು ಗಂಟಿಕ್ಕಿ ನೋಡಿದಳು. ಟೀಚರಿಗೆ ತಲೆನೋವು ಎಂದುಕೊಂಡಳೋ ಏನೋ, ಒಳಗೆ ಹೋಗಿ ಒಂದು ಚೊಂಬು ನೀರು ತಂದಿಟ್ಟಳು. ವೃಂದಾ ಅದನ್ನು ಎತ್ತಿ ಕುಡಿದಳು.

ಸೆಪ್ಟೆಂಬರಿನ ಒಂದು ಮಂಗಳವಾರ, ಸಂಜೆ ಗಂಟೆ ಹೊಡೆದು ಮಕ್ಕಳೆಲ್ಲ ಹೊರಗೆ ಓಡಿದ್ದರು. ಮೆಹತಾಬ್ ಜ್ವರವೆಂದು ಬಂದಿರಲಿಲ್ಲ. ವೃಂದಾ ಹಾಜರಿ ಪುಸ್ತಕ ಮುಚ್ಚಿ ತಲೆಯೆತ್ತಿದಾಗ ಅಂಬಿಕಾ ಮೇಜಿನ ಎದುರು ನಿಂತಿದ್ದಳು. ಈ ಬಾರಿ ಬಟ್ಟೆ ಒಣಗಿತ್ತು, ಹೆಗಲಿಗೆ ಚೀಲವಿತ್ತು, ಮುಖದಲ್ಲಿ ಗಾಬರಿ ಇರಲಿಲ್ಲ. ಅವಳು ಒಮ್ಮೆ ಬಾಗಿಲ ಕಡೆ ನೋಡಿ, ಚೀಲ ಕೆಳಗಿಟ್ಟು, ಕೈ ಎತ್ತಿದಳು.

ಉದ್ದನೆಯ ಮಾತು ಅದು. ಅಂಗೈ ಮೇಲೆ ಅಂಗೈ ಬಂತು, ಏನೋ ಹಾರಿತು, ಇಷ್ಟಗಲ ಆಯಿತು, ಯಾರದೋ ಭುಜ ತಟ್ಟಿತು, ಬೆರಳೊಂದು ದೂರದ ರಸ್ತೆಯ ಕಡೆ ಚಾಚಿತು. ನಡುವೆ ಹುಡುಗಿ ತಾನೇ ನಕ್ಕಳು. ವೃಂದಾಳ ನಾಲಿಗೆಯ ತುದಿಗೆ ಒಂದಾದ ಮೇಲೊಂದು ಬಂದವು: ಹಕ್ಕಿ? ಫರಸಿ ಕಲ್ಲು? ಅಪ್ಪ? ಲಾರಿ? ಒಂದನ್ನೂ ಹೊರಗೆ ಬಿಡಲಿಲ್ಲ. ಚಾರ್ಟಿನ ಕಡೆಗೂ ಕಣ್ಣು ಹೊರಳಿಸಲಿಲ್ಲ. ಕುರ್ಚಿಯಿಂದ ಇಳಿದು ತಣ್ಣನೆಯ ಫರಸಿ ನೆಲದ ಮೇಲೆ, ಹುಡುಗಿಯ ಕೈ ಸರಿಯಾಗಿ ಕಾಣುವ ಹಾಗೆ ಕೂತಳು.

ಮಡಿವಾಳಯ್ಯನವರು ಬೀಗದ ಗೊಂಚಲು ಹಿಡಿದು ಬಾಗಿಲಿಗೆ ಬಂದರು. "ಏನಂತಾಳ್ರಿ ಟೀಚರ್?"

"ಗೊತ್ತಾಗವಲ್ದು ಸರ್" ಎಂದಳು ವೃಂದಾ, ಅತ್ತ ತಿರುಗದೆ. "ನೀವು ನಡೀರಿ. ಕೀಲಿ ನಾ ಹಾಕ್ತೀನಿ."

ಅವರು ಗೊಂಚಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೋದರು. ಅಂಬಿಕಾಳ ಕೈ ನಿಂತಿತ್ತು. ಅವಳು ಟೀಚರ ಮುಖವನ್ನು ನೋಡುತ್ತಿದ್ದಳು. ವೃಂದಾ ತಿಳಿದವಳಂತೆ ತಲೆಯಾಡಿಸಲಿಲ್ಲ. ತಿಳಿಯಲಿಲ್ಲವೆಂದು ಮೆಲ್ಲಗೆ ತಲೆ ಅಲ್ಲಾಡಿಸಿ, ಇನ್ನೊಮ್ಮೆ ಎನ್ನುವಂತೆ ಒಂದು ಬೆರಳಿನಿಂದ ಗಾಳಿಯಲ್ಲಿ ಸಣ್ಣ ಸುತ್ತು ಬರೆದಳು.

ಹುಡುಗಿ ಕೆಳಗೆ ಕೂತಳು. ಅವಳ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ಎರಡೂ ಅಂಗೈಗಳನ್ನು ಲಂಗಕ್ಕೆ ಒರೆಸಿಕೊಂಡು, ಈ ಸಲ ನಿಧಾನವಾಗಿ, ಮೊದಲಿನಿಂದ ಶುರು ಮಾಡಿದಳು.